ಐದನೆಯ ಯಾಕೆ

ಆ ಮ್ಯಾನೇಜರನಿಗೆ ಕಚೇರಿಯಲ್ಲಿ ‘ಬೆಣ್ಣೆ’ ಎಂಬ ಹೆಸರು ಬಿದ್ದದ್ದು ಮೈಬಣ್ಣಕ್ಕಲ್ಲ, ಸ್ವಭಾವಕ್ಕಂತೂ ಅಲ್ಲವೇ ಅಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಜನರನ್ನು ಕೆಲಸದಿಂದ ತೆಗೆಯುತ್ತಿದ್ದ, ಅದಕ್ಕೆ. ತೆಗೆಸಿಕೊಂಡವರಿಗೆ ವಿಷಯ ಅರ್ಥವಾಗುತ್ತಿದ್ದದ್ದು ಮನೆಗೆ ಹೋಗಿ ಚಪ್ಪಲಿ ಬಿಟ್ಟ ಮೇಲೆಯೇ. ಹಾಗೆ ತೆಗೆಸಿಕೊಂಡವಳೊಬ್ಬಳು ಈಗ ಅವನೆದುರಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದಳು. ಅವನು ಅವಳಿಗೆ ಕಾಫಿ ತರಿಸಿ, ಸಕ್ಕರೆ ಸರಿಯಾಗಿದೆಯಾ ಎಂದು ಎರಡು ಸಲ ವಿಚಾರಿಸಿದ.

“ನಮ್ಮ ಟೀಮ್ ಬಹಳ ಫಾಸ್ಟು ಮೇಡಂ. ಚೂರುಚೂರಾಗಿ ಬೇಗಬೇಗ ಮಾಡಿ ಕೊಡೋ ಅಜೈಲ್ ಪದ್ಧತಿ ನಮ್ಮ ರಕ್ತದಲ್ಲೇ ಇದೆ. ಎರಡು ವಾರಕ್ಕೊಂದು ರಿಲೀಸ್. ಆದ್ರೆ ಆಸ್ಪತ್ರೆಯವರಿಗೆ ಈಗ ಫಾಸ್ಟ್ ಸಾಲದಂತೆ, ಮಟ್ಟ ಬೇಕಂತೆ.”

“ಕೊಡೋಣ ಸರ್. ಅದಕ್ಕೇ ತಾನೇ ಬಂದಿರೋದು,” ಎಂದಳು.

ಆ ಕಂಪನಿ ಆಸ್ಪತ್ರೆಗಳ ಪ್ರಯೋಗಾಲಯಕ್ಕೆ ಸಾಫ್ಟ್‌ವೇರ್ ಬರೆಯುತ್ತಿತ್ತು. ಯಾರ ರಕ್ತದ ಫಲಿತಾಂಶ ಯಾವ ವೈದ್ಯರಿಗೆ ಹೋಗಬೇಕೋ ಅವರಿಗೇ ತಲುಪಿಸುವ ಕೆಲಸ ಅದರದು. ಅವಸರದಲ್ಲಿ ಅದು ಆಗಾಗ ಎಡವುತ್ತಿತ್ತು. ಓಡಿದ್ದು ಸಾಕು, ಪ್ರಕ್ರಿಯೆ ಸುಧಾರಣೆಯ, ಅಂದರೆ ಕೆಲಸದ ಕ್ರಮ ತಿದ್ದುವ, ಒಂದು ಮಾದರಿಯನ್ನು ಅಳವಡಿಸಿಕೊಂಡು ಅದರ ಮೂರನೆಯ ಮಟ್ಟ ತಲುಪಿ, ಇಲ್ಲವಾದರೆ ನಮಗೆ ಬೇರೆಯವರಿದ್ದಾರೆ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಕಂಪನಿಯ ಯಜಮಾನರು ಸಲಹೆಗಾರರನ್ನು ಹುಡುಕಿದರು. ಅವಳು ಕೆಲಸ ಮಾಡುತ್ತಿದ್ದ ಸಲಹಾ ಸಂಸ್ಥೆಗೇ ಕರೆ ಬಂತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬೇರೆಯವರು ಬಾಯಿ ತೆರೆಯುವ ಮೊದಲೇ ಅವಳು ಕೈ ಎತ್ತಿದ್ದಳು.

ಬೆಣ್ಣೆಗೆ ಅವಳ ಗುರುತು ಹತ್ತಲಿಲ್ಲ. ಈಗ ಕೂದಲು ಗಿಡ್ಡ, ಕನ್ನಡಕ ಬಂದಿದೆ, ದನಿ ಗಟ್ಟಿಯಾಗಿದೆ, ನಿಜ. ಆದರೆ ಗುರುತು ಹತ್ತದಿರುವುದಕ್ಕೆ ಅವು ಕಾರಣವಲ್ಲ ಎಂದು ಅವಳಿಗೆ ಗೊತ್ತಿತ್ತು. ಆಗಲೂ ಅವನು ಅವಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಒಬ್ಬಳ ಬದುಕು ಮುರಿದವನಿಗೆ ಆ ಮುಖವಾದರೂ ನೆನಪಿರಬೇಡವೇ? ಕಾಫಿ ಕುಡಿಯುತ್ತಲೇ ಅವಳಿಗೆ ಮೈಯೆಲ್ಲ ಉರಿಯಿತು.

ಆಗ ಅವಳು ಇದೇ ಟೀಮಿನಲ್ಲಿ ಟೆಸ್ಟರ್ ಆಗಿದ್ದಳು. ಬರೆದವರ ಮೊಸರಲ್ಲಿ ಕಲ್ಲು ಹುಡುಕುವುದೇ ಅವಳ ಉದ್ಯೋಗ. ಒಂದು ರಿಲೀಸಿಗೆ ಮುನ್ನ ಇನ್ನೂ ಒಂದು ದಿನ ಬೇಕು ಎಂದಳು. ಬೆಣ್ಣೆ ನಕ್ಕು, ಮುಂದಿನ ಸಲ ನೋಡೋಣ ಎಂದು ಬಿಡುಗಡೆ ಮಾಡಿಸಿದ. ಫಲಿತಾಂಶಗಳು ಅದಲುಬದಲಾಗಿ ಆಸ್ಪತ್ರೆ ರೇಗಿತು. ಆ ವಾರ ‘ರೆಟ್ರೋ’ ಸಭೆ. ಏನು ಸರಿಹೋಯಿತು, ಎಲ್ಲಿ ತಪ್ಪಿತು ಎಂದು ಇಡೀ ಟೀಮು ಬಾಗಿಲು ಹಾಕಿಕೊಂಡು ಮನಸ್ಸು ಬಿಚ್ಚುವ ಸಭೆ ಅದು. ಅಲ್ಲಿ ಯಾರೂ ಯಾರ ಕಡೆಗೂ ಬೆರಳು ತೋರಿಸುವಂತಿಲ್ಲ, ಅಲ್ಲಿಯ ಮಾತು ಹೊಸ್ತಿಲು ದಾಟುವಂತಿಲ್ಲ. ಆ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ.

“ಇದು ಮನೆ ಇದ್ದ ಹಾಗಮ್ಮ. ಬಾಯ್ಬಿಟ್ಟು ಮಾತಾಡಿ,” ಎಂದಿದ್ದ ಬೆಣ್ಣೆ.

ನಂಬಿದಳು. “ನಾನು ಇನ್ನೊಂಚೂರು ಹಟ ಹಿಡಿದಿದ್ರೆ ತಪ್ಪು ಸಿಗ್ತಿತ್ತು. ನನ್ನದೂ ಪಾಲಿದೆ,” ಎಂದಳು. ಮರುದಿನ ಆ ಮಾತು ಯಜಮಾನರ ಕೋಣೆಯಲ್ಲಿತ್ತು, ಬಾಲ ಕತ್ತರಿಸಿಕೊಂಡು: ಟೆಸ್ಟರೇ ತಪ್ಪೊಪ್ಪಿಕೊಂಡಿದ್ದಾರೆ. ಆ ಸಂಜೆಯೇ, ಯಜಮಾನರು ಮುಖವನ್ನೂ ನೋಡದೆ, ಅವಳನ್ನು ಕಳಿಸಿದರು. ಆಮೇಲೆ ಹೋದಲ್ಲೆಲ್ಲ ಆ ಮಾತು ಅವಳಿಗಿಂತ ಮೊದಲೇ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತಿತ್ತು. ವರ್ಷವಿಡೀ ಅಣ್ಣನ ಮನೆಯಲ್ಲಿ, ಅತ್ತಿಗೆಯ ಹೊಲಿಗೆ ಯಂತ್ರದ ಪಕ್ಕದ ಚಾಪೆಯಲ್ಲಿ ಮಲಗಿ, ಅವನನ್ನು ಬೀಳಿಸುವ ದಿನವನ್ನೇ ಕನಸು ಕಂಡಳು. ಪ್ರಕ್ರಿಯೆಯ ಪಾಠ ಓದಿದ್ದೂ ಅದೇ ಚಾಪೆಯ ಮೇಲೆ. ಕೊನೆಗೆ ಸಲಹಾ ಸಂಸ್ಥೆಯ ಕೆಲಸ ಕೊಡಿಸಿದ್ದು ಆ ಪಾಠವೇ.

ಸಲಹೆಗಾರ್ತಿಯಾಗಿ ಬಂದ ಅವಳು ಕೆಲಸಗಳ್ಳತನವನ್ನಂತೂ ಮಾಡಲಿಲ್ಲ. ಟೀಮಿನಲ್ಲಿ ಆಗಿನವರು ಯಾರೂ ಉಳಿದಿರಲಿಲ್ಲ, ಮೊದಮೊದಲು ಹೊಸ ಪ್ರೋಗ್ರಾಮರುಗಳು ಮುಖ ಸಿಂಡರಿಸಿದರು. “ನಾವು ಅಜೈಲ್ ಅಂತ ಹಗುರಾಗಿ ಓಡ್ತಿದ್ವಿ, ನೀವು ಕಾಲಿಗೆ ಗುಂಡುಕಲ್ಲು ಕಟ್ಟೋಕೆ ಬಂದ್ರಿ,” ಎಂದ ಒಬ್ಬ.

“ಓಡಬೇಡಿ ಅಂತ ಯಾರು ಹೇಳಿದ್ದು? ಹೋದ ಸಲ ಯಾವ ಕಲ್ಲಿಗೆ ಎಡವಿದ್ರಿ ಅಂತ ನೆನಪಿಟ್ಕೊಂಡು ಓಡಿ ಅಂತಿದೀನಿ. ಅಷ್ಟೇ ಈ ಮಾದರಿ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುತ್ತಿದ್ದ ಆ ಟೀಮಿಗೆ ಅವಳು ಐದು ಸಲ ‘ಯಾಕೆ’ ಕೇಳುವುದನ್ನು ಕಲಿಸಿದಳು. ತಪ್ಪು ಆಯಿತೇ? ಯಾಕೆ? ಅದಕ್ಕೆ ಬಂದ ಉತ್ತರಕ್ಕೆ ಮತ್ತೆ ಯಾಕೆ? ನಾಲ್ಕಕ್ಕೆ ನಿಲ್ಲಬಾರದು, ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಮನುಷ್ಯ ಸಿಗುತ್ತಾನೆ, ಐದನೆಯದರಲ್ಲಿ ಮೂಲ ಸಿಗುತ್ತದೆ ಎನ್ನುತ್ತಿದ್ದಳು. ಟೀಮು ಅವಳಿಗೆ ‘ಯಾಕಮ್ಮ’ ಎಂದು ಹೆಸರಿಟ್ಟಿತು. ಎಲ್ಲರಿಗಿಂತ ಬೇಗ ಕಲಿತವಳು ಅಲ್ಲಿಯ ಟೆಸ್ಟರ್. ಹೆರಿಗೆ ರಜೆ ಮುಗಿಸಿ ಹೊಸದಾಗಿ ಬಂದಿದ್ದ ಆಕೆಯನ್ನು ಎಲ್ಲರೂ ‘ಬಾಣಂತಿ’ ಎಂದು ಛೇಡಿಸುತ್ತಿದ್ದರು. ಆಕೆ ಯಾಕಮ್ಮನನ್ನು ಮೇಡಂ ಎನ್ನುವುದು ಬಿಟ್ಟು ಅಕ್ಕಾ ಎನ್ನತೊಡಗಿದ್ದಳು.

ಯಾಕಮ್ಮ ಬರೆದ ಹೊಸ ನಿಯಮಗಳಲ್ಲಿ ಮುಖ್ಯವಾದದ್ದು ಒಂದು. ಟೆಸ್ಟರ್ ಒಪ್ಪದೆ ರಿಲೀಸ್ ಇಲ್ಲ. ಆದರೆ ಅದರ ಕೆಳಗೆ ಒಂದು ವಿನಾಯಿತಿಯೂ ಇತ್ತು. ತುರ್ತಿದ್ದರೆ ಮ್ಯಾನೇಜರ್ ಬಾಯಿಮಾತಿನಲ್ಲೇ ಬಿಡುಗಡೆ ಮಾಡಿಸಬಹುದು. ಬೇರೆ ಕಂಪನಿಗಳಲ್ಲಿ ಯಾಕಮ್ಮ ಮೊದಲು ಮುಚ್ಚುತ್ತಿದ್ದ ಕಿಂಡಿಯೇ ಇದು. ಇಲ್ಲಿ ಬೇಕೆಂದೇ ತೆರೆದಿಟ್ಟಳು. ಅವನ ಚಾಳಿ ಅವಳಿಗೆ ಗೊತ್ತು. ನುಗ್ಗಲಿ, ಸಿಕ್ಕಿಕೊಳ್ಳಲಿ, ಅವಳೇ ಕಲಿಸಿದ ಯಾಕೆಗಳು ಅವನ ಕುತ್ತಿಗೆ ಹಿಡಿದು ಯಜಮಾನರ ಮುಂದೆ ನಿಲ್ಲಿಸಲಿ. ಈ ಸಲ ಅವನ ಹೆಸರು ಸಭೆಯ ಬೋರ್ಡಿನ ಮೇಲೆ ಬರಬೇಕು.

ಅತ್ತಿಗೆಯ ಹತ್ತಿರ ಮಾತ್ರ ಹೇಳಿಕೊಂಡಳು. ಅತ್ತಿಗೆ ಯಂತ್ರ ನಿಲ್ಲಿಸದೆಯೇ ಕೇಳಿದಳು, “ಅವನು ಬೀಳ್ತಾನೆ, ಸರಿ. ಬೀಳೋವಾಗ ಯಾರ ಮೇಲೆ ಬೀಳ್ತಾನೆ?”

“ಯಾರ ಮೇಲೂ ಇಲ್ಲ. ಒಂದು ತಪ್ಪು, ಒಂದು ಸಭೆ, ಕೆಲಸ ಹೋಗುತ್ತೆ.”

“ಒಳಗೆ ಹೊಲಿಗೆ ಬಿಟ್ರೆ ಬಟ್ಟೆ ಹರಿಯೋದು ಗಿರಾಕಿ ಮೈಮೇಲೆ ಕಣೇ. ದರ್ಜಿ ಮೈಮೇಲಲ್ಲ.”

“ನಿಮಗೆ ಅರ್ಥ ಆಗಲ್ಲ ಅತ್ತಿಗೆ,” ಎಂದು ಯಾಕಮ್ಮ ಎದ್ದುಹೋದಳು. ಸಿಟ್ಟು ಬಂದವರ ಕಣ್ಣಿಗೆ ಎಲ್ಲರೂ ಏನೂ ಅರ್ಥವಾಗದವರೇ.

ಬಹಳ ಕಾಯಬೇಕಾಗಲಿಲ್ಲ. ಒಂದು ಸಂಜೆ ಬಾಣಂತಿಯ ಫೋನು ಬಂತು. ಹಿಂದೆ ಮಗು ಅಳುತ್ತಿತ್ತು. “ಅಕ್ಕಾ, ಒಂದೇ ಹೆಸರಿನ ಇಬ್ಬರು ರೋಗಿಗಳಿದ್ರೆ ವರದಿ ಯಾರಿಗೆ ಹೋಗುತ್ತೆ ಅಂತ ನಾನಿನ್ನೂ ನೋಡಿಲ್ಲ. ಸರ್ ಕೇಳ್ತಾನೇ ಇಲ್ಲ. ತುರ್ತು ಅಂತ ಬಿಡಿಸ್ತಿದ್ದಾರೆ. ಏನ್ಮಾಡ್ಲಿ?”

ಒಂದು ಮಾತು ಸಾಕಿತ್ತು. ಯಜಮಾನರಿಗೆ ಒಂದು ಫೋನ್ ಹಚ್ಚಿದ್ದರೆ ರಿಲೀಸ್ ನಿಲ್ಲುತ್ತಿತ್ತು. ಯಾಕಮ್ಮನ ಎದೆ ಸಂತೋಷದಿಂದ ಡವಗುಟ್ಟುತ್ತಿತ್ತು.

“ನಿನ್ನ ಕೆಲಸ ನೀನು ಮಾಡಿದೀಯಲ್ಲ. ಉಳಿದಿದ್ದು ಅವರಿಗೆ ಬಿಡು,” ಎಂದು ಫೋನ್ ಇಟ್ಟಳು. ಆ ರಾತ್ರಿ ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಆದದ್ದು ಇಷ್ಟು. ಕೆಮ್ಮಿಗೆ ಬಂದಿದ್ದ ಒಬ್ಬ ಮುದುಕನಿಗೆ ಅದೇ ಹೆಸರಿನ ಇನ್ನೊಬ್ಬರ ವರದಿ ಅಂಟಿಕೊಂಡಿತು. ಅವನನ್ನು ಉಪವಾಸವಿಟ್ಟು, ಹೊಟ್ಟೆಯ ಮೇಲೆ ಗುರುತು ಹಾಕಿ, ಗಾಲಿಮಂಚದಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯವರೆಗೂ ತಳ್ಳಿಕೊಂಡು ಹೋದರು. ಬಾಗಿಲಲ್ಲಿದ್ದ ನರ್ಸ್ ವಯಸ್ಸು ಕೇಳಿದಳು. ಉತ್ತರ ವರದಿಯ ಜೊತೆ ತಾಳೆಯಾಗಲಿಲ್ಲ, ನಿಲ್ಲಿಸಿದಳು. ಮುದುಕ ಆಗ ಅಳಲು ಶುರುಮಾಡಿದನಂತೆ.

ಮರುದಿನ ಬೆಳಗ್ಗೆ ಟೀಮಿನ ರೆಟ್ರೋ ಮುಗಿದು, ಮಧ್ಯಾಹ್ನ ಸಭೆಯ ಕೋಣೆಯಲ್ಲಿ ಯಜಮಾನರು, ಬೆಣ್ಣೆ, ಟೀಮು ಎಲ್ಲ ಸೇರಿದರು. ಬಿಳಿ ಬೋರ್ಡಿನ ಪಕ್ಕ ಬಾಣಂತಿ ಪೆನ್ನು ಹಿಡಿದು ನಿಂತಿದ್ದಳು. ಮುದುಕ ಅತ್ತ ವಿಷಯ ಕೇಳಿದಾಗ ಯಾಕಮ್ಮ ಕನ್ನಡಕ ತೆಗೆದು ಒರೆಸತೊಡಗಿದಳು. ಬೆಣ್ಣೆಯ ಮುಖ ಕಂಡದ್ದೇ ತಡ, ಅದನ್ನು ಮತ್ತೆ ಹಾಕಿಕೊಂಡಳು.

ಬೆಣ್ಣೆಯೇ ಮೊದಲು ಬಾಯಿ ತೆರೆದ, ಅದೇ ನುಣುಪಾದ ದನಿಯಲ್ಲಿ. “ಸರ್, ಬೇಜಾರಾಗುತ್ತೆ ಹೇಳೋಕೆ. ಬೆಳಗ್ಗೆ ರೆಟ್ರೋದಲ್ಲಿ ಟೆಸ್ಟರೇ ಒಪ್ಕೊಂಡ್ರು, ನಾನು ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು ಅಂತ. ಮಗು ಚಿಕ್ಕದು, ಪಾಪ, ಗಮನ ಅಷ್ಟು...”

ಬಾಣಂತಿಯ ಮುಖ ಬಿಳುಚಿತು. ಯಾಕಮ್ಮ ಎದ್ದಳು. ಎಷ್ಟೋ ವರ್ಷ ಕಾದಿಟ್ಟ ಕೋಪ ಅದು, ಆದರೂ ದನಿ ತಣ್ಣಗಿತ್ತು.

“ರೆಟ್ರೋ ಮಾತು ಇಲ್ಲಿಗೆ ಬರೋ ಹಾಗಿಲ್ಲ. ಇಲ್ಲಿ ಯಾಕೆ ಅಂತ ಮಾತ್ರ ಕೇಳೋದು. ವರದಿ ಯಾಕೆ ಬದಲಾಯ್ತು?”

ಇಬ್ಬರಿಗೂ ಒಂದೇ ಹೆಸರು, ತಂತ್ರಾಂಶ ಹೆಸರನ್ನಷ್ಟೇ ನೋಡಿತ್ತು ಎಂದ ಪ್ರೋಗ್ರಾಮರ್. ಅದು ಯಾಕೆ ಸಿಕ್ಕಿಬೀಳಲಿಲ್ಲ? ಪರೀಕ್ಷೆ ಮುಗಿದಿರಲಿಲ್ಲ. ಮುಗಿಯದೆ ಯಾಕೆ ಹೊರಗೆ ಹೋಯಿತು? ಪ್ರೋಗ್ರಾಮರ್ ಬೆಣ್ಣೆಯ ಕಡೆ ನೋಡಿದ. ಕೊನೆಗೆ ಬಾಣಂತಿಯೇ ಹೇಳಿದಳು, “ಸರ್ ಬಿಡಿ ಅಂದ್ರು.” ಟೆಸ್ಟರ್ ಬೇಡ ಎಂದರೂ ಅವರ ಮಾತು ಯಾಕೆ ನಡೆಯಿತು? ತುರ್ತಿದ್ದರೆ ಅವರ ಬಾಯಿಮಾತೇ ಸಾಕು, ನಿಯಮದಲ್ಲಿ ಹಾಗಿದೆ.

“ಏನು ತುರ್ತಿತ್ತು?” ಎಂದರು ಯಜಮಾನರು.

ಬೆಣ್ಣೆ ತೊದಲಿದ. ತುರ್ತು ಏನೂ ಇರಲಿಲ್ಲ. ಎರಡು ವಾರದ ಗಡುವು ತಪ್ಪಿತು ಎನಿಸಿಕೊಳ್ಳಬಾರದಿತ್ತು, ಅಷ್ಟೆ. ಅವನ ಹಣೆಯಲ್ಲಿ ಬೆವರೊಡೆದದ್ದನ್ನು ಯಾಕಮ್ಮ ಕಣ್ತುಂಬ ನೋಡಿದಳು. ಇದಕ್ಕಾಗಿ ಅವಳು ಬದುಕಿದ್ದಳು. ಸಂಕೋಚವಿಲ್ಲದೆ, ಹಸಿದವರು ಉಂಡಂತೆ ಸಂತೋಷಪಟ್ಟಳು.

“ನಾಳೆಯಿಂದ ನೀವು ಬರೋದು ಬೇಡ,” ಎಂದರು ಯಜಮಾನರು ಅವನಿಗೆ.

ಸಭೆ ಅಲ್ಲಿಗೆ ಮುಗಿಯಬೇಕಿತ್ತು. ಕುರ್ಚಿಗಳು ಸರಿದವು. ಬಾಣಂತಿ ಮಾತ್ರ ಬೋರ್ಡಿನ ಹತ್ತಿರವೇ ನಿಂತಿದ್ದಳು, ಹಣೆ ಗಂಟಿಕ್ಕಿಕೊಂಡು, ಕಲಿತದ್ದನ್ನು ತಪ್ಪದೆ ಮಾಡುವವರ ಶ್ರದ್ಧೆಯಲ್ಲಿ.

“ಒಂದ್ನಿಮಿಷ. ನಾಲ್ಕೇ ಆಯ್ತು. ನಾಲ್ಕಕ್ಕೆ ನಿಲ್ಲಬಾರದು ಅಲ್ವಾ ಅಕ್ಕಾ?” ಎಂದಳು. “ಆ ವಿನಾಯಿತಿ ನಿಯಮದಲ್ಲಿ ಯಾಕೆ ಉಳೀತು?”

ಎಲ್ಲರೂ ನಿಯಮ ಬರೆದವಳ ಕಡೆ ತಿರುಗಿದರು.

‘ಗಮನಿಸಲಿಲ್ಲ’ ಎಂದರೆ ಮುಗಿಯುತ್ತಿತ್ತು. ಮನುಷ್ಯರು ಮರೆಯುತ್ತಾರೆ, ಯಾರೂ ಅವಳನ್ನು ಏನೂ ಅನ್ನುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಮುಳುಗುತ್ತಿದ್ದ ಬೆಣ್ಣೆ ಆ ಹುಲ್ಲುಕಡ್ಡಿಯನ್ನು ಹಿಡಿದ. “ಕೇಳಿ ಸರ್! ಕಿಂಡಿ ಬಿಟ್ಟೋರು ಇವರು, ಬೈಸ್ಕೊಳ್ಳೋನು ನಾನಾ? ಮೂಲ ಇವರದ್ದೇ ಅಲ್ವಾ?” ಅದೇ ನಗು ಮತ್ತೆ ಅವನ ತುಟಿಗೆ ಬಂತು. ಆ ನಗು ಕಂಡು ಅವಳಿಗೆ ತಡೆಯಲಾಗಲಿಲ್ಲ.

“ಹೌದು, ನಾನೇ ಬಿಟ್ಟೆ. ಬೇಕಂತಲೇ ಬಿಟ್ಟೆ. ನೀನು ಬೀಳ್ಲಿ ಅಂತ. ರೆಟ್ರೋದಲ್ಲಿ ನಂಬಿ ಆಡಿದ ಮಾತನ್ನ ಹೊರಗೊಯ್ದು ನನ್ನನ್ನ ಬೀದಿಗೆ ಹಾಕಿದೆಯಲ್ಲ, ನೆನಪಿದೆಯಾ? ಈಗ್ಲಾದ್ರೂ ಮುಖ ನೋಡು.”

ಅವನು ನೋಡಿದ. ಕಣ್ಣು ಕಿರಿದು ಮಾಡಿಕೊಂಡು ನೋಡಿದ. “ಓ, ನೀವಾ?” ಎಂದ, ಹಳೆಯ ಬಾಡಿಗೆಮನೆಯ ಪಕ್ಕದವರು ಸಿಕ್ಕ ಹಾಗೆ. ಆಮೇಲೆ ಅವಳೆಣಿಸದ ಮಾತೊಂದನ್ನು ಹೇಳಿದ, ನಗದೆ, ಬಹುಶಃ ಮೊದಲ ಬಾರಿಗೆ ಮನಸ್ಸಿನಿಂದ. “ನಾನು ನನ್ನ ಕೆಲಸ ಉಳಿಸ್ಕೊಂಡೆ, ಅಷ್ಟೇ. ನಿಮ್ಮ ಮೇಲೆ ನನಗೇನೂ ಇರ್ಲಿಲ್ಲ. ಕಾಯ್ತಾ ಕೂತಿದ್ದೋರು ನೀವು.”

“ನೀವೂ ಇವತ್ತಿಗೇ ಸಾಕು ಮಾಡಿ,” ಎಂದರು ಯಜಮಾನರು ಅವಳಿಗೆ. ಅದು ಅವಳ ಕಿವಿಗೆ ಬೀಳಲೇ ಇಲ್ಲ. ಅವಳು ಬಾಣಂತಿಯನ್ನು ನೋಡುತ್ತಿದ್ದಳು.

“ಆ ಸಂಜೆ ನಾನು ಫೋನ್ ಮಾಡಿದಾಗ,” ಎಂದಳು ಬಾಣಂತಿ ನಿಧಾನವಾಗಿ, “ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ನಾನು ರಾತ್ರಿಯೆಲ್ಲ ಎದ್ದು ಕೂತಿದ್ದೆ ಮೇಡಂ.”

ಆ ‘ಮೇಡಂ’ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಯಾಕಮ್ಮ ಏನೋ ಹೇಳಹೋದಳು, ನಿನ್ನನ್ನು ಉಳಿಸಿದೆನಲ್ಲ ಎಂದೋ ಏನೋ. ಯಾರಿಂದ ಉಳಿಸಿದ್ದು? ಬೆಣ್ಣೆ ಬಿದ್ದದ್ದಕ್ಕೆ ಅವಳಿಗೆ ಎಳ್ಳಷ್ಟೂ ಮರುಕವಿರಲಿಲ್ಲ, ಈಗಲೂ ಇಲ್ಲ. ಆದರೆ ಉಂಡದ್ದು ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು, ಮತ್ತು ಆ ಕಲ್ಲಿಗೆ ಗಾಲಿಮಂಚದಲ್ಲಿ ಅತ್ತ ಮುದುಕನ ಮುಖವಿತ್ತು. ಅವನನ್ನು ಅವಳು ನೋಡಿಯೇ ಇರಲಿಲ್ಲ.

“ಬರೀರಿ,” ಎಂದರು ಯಜಮಾನರು ಕೋಪದಲ್ಲಿ. “ಇಬ್ಬರ ಹೆಸರೂ ಬರೀರಿ. ಆಸ್ಪತ್ರೆಯವರಿಗೆ ಕಳಿಸೋಣ.”

ಬಾಣಂತಿ ತಲೆಯಾಡಿಸಿದಳು. “ಇಲ್ಲ ಸರ್. ಇಲ್ಲಿ ಹೆಸರು ಬರೆಯೋ ಹಾಗಿಲ್ಲ.” ಬೋರ್ಡಿನ ಕಡೆ ತಿರುಗಿ, ಯಾಕಮ್ಮ ಕಲಿಸಿದ ಹಾಗೆಯೇ, ಮನುಷ್ಯರನ್ನು ಬಿಟ್ಟು ಪರಿಹಾರವನ್ನಷ್ಟೇ ದುಂಡಗೆ ಬರೆದಳು: ಹೊರಗಿನಿಂದ ಬಂದ ಸಲಹೆಗಾರರು ಬರೆದ ನಿಯಮವನ್ನು ನಾವೇ ಪರೀಕ್ಷೆ ಮಾಡದೆ ನಂಬಬಾರದು.

ಯಾಕಮ್ಮ ಅದನ್ನು ಓದಿದಳು. ಎಲ್ಲಾದರೂ ಲೋಪವಿದೆಯೇ ಎಂದು ಅಭ್ಯಾಸಬಲದಿಂದ ಇನ್ನೊಮ್ಮೆ ಓದಿದಳು. ಇರಲಿಲ್ಲ.