ಎಡಗಡೆಯ ಹಿಡಿ

ಹೊದಿಕೆಯ ಒಂದು ತುದಿ ಪುಟ್ಟ ಗುಬ್ಬಿಯ ಕೈಯಲ್ಲಿತ್ತು, ಇನ್ನೊಂದು ಅವಳ ಅಮ್ಮನ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದರು. ನಡುವಿನಿಂದ ನೀರು ಬಕೆಟ್ಟಿಗೆ ಇಳಿಯುತ್ತಿದ್ದಾಗ ಹಿಂಬಾಗಿಲಲ್ಲಿ ಗುಬ್ಬಿಯ ಅಪ್ಪನ ಮುಖ ಕಾಣಿಸಿತು. ಒಂದು ಕೆನ್ನೆಯ ತುಂಬ ಸೋಪಿನ ನೊರೆ, ಇನ್ನೊಂದು ಕೆನ್ನೆಗೆ ಫೋನು.

"ಬಿಡು, ಅದನ್ನ ಅಲ್ಲೇ ಬಿಡು. ಈಗಲೇ ಹೊರಡ್ಬೇಕು. ಟೋಪಿಯೋನು ಫೋನ್ ಮಾಡಿದ್ದ. ಮಧ್ಯಾಹ್ನ ಇನ್ಯಾರೋ ನೋಡೋಕೆ ಬರ್ತಾರಂತೆ."

"ಬರ್ತಾರೆ ಅಂತ ಅವನೇ ಹೇಳಿದ್ನಾ?"

"ಮತ್ತಿನ್ಯಾರು ಹೇಳ್ಬೇಕು?"

"ಮಾರೋರೆಲ್ಲ ಹಾಗೇ ಹೇಳೋದು," ಎಂದಳು ಅಮ್ಮ. ಆದರೂ ಹೊದಿಕೆಯನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡಳು.

ಟೋಪಿಯವನನ್ನು ಅವರು ಕಂಡಿದ್ದು ಅವನು ಕಳಿಸಿದ ವಿಡಿಯೋದಲ್ಲಿ ಮಾತ್ರ. ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡು, ಒಂದು ಗರಗಸದ ಯಂತ್ರದ ಪಕ್ಕ ನಿಂತು, ಏನನ್ನೂ ಹೇಳದೆ ಅದರ ಸುತ್ತ ಫೋನು ತಿರುಗಿಸಿದ್ದ. ಎರಡು ಚಕ್ರದ ಮೇಲೆ ಎಳೆದುಕೊಂಡು ಹೋಗುವಂಥ ಯಂತ್ರ. ದಿಮ್ಮಿಯನ್ನು ಅದರ ಹಾಸಿನ ಮೇಲೆ ಮಲಗಿಸಿ ಬಿಗಿದರೆ ಆಯಿತು. ಹಿಡಿ ಹಿಡಿದು ದೂಡಿದಂತೆ ಗರಗಸವೇ ಹಳಿಗಳ ಮೇಲೆ ನಡೆದುಕೊಂಡು ಹೋಗಿ ಹಲಗೆ ಕೊಯ್ಯುತ್ತದೆ. ಅವಳ ಗಂಡ ಆ ವಿಡಿಯೋವನ್ನು ಊಟದ ಹೊತ್ತಿಗೂ ನೋಡುತ್ತಿದ್ದ. ಅವನು ಬಡಗಿ. ಒಳ್ಳೆಯ ಮರ ಸಿಕ್ಕಾಗಲೆಲ್ಲ ಅದನ್ನು ದೊಡ್ಡ ಮಿಲ್ಲಿಗೆ ಹೊತ್ತು, ಅಲ್ಲಿ ವಾರಗಟ್ಟಲೆ ಕಾದು, ಕೊನೆಗೆ ತಾನು ಕೊಟ್ಟ ಮರಕ್ಕೂ ಕೈಗೆ ಬಂದ ಹಲಗೆಗೂ ಸಂಬಂಧವೇ ಇಲ್ಲದಿರುವುದನ್ನು ಕಂಡು ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತಿದ್ದ. ಸ್ವಂತದ್ದೊಂದು ಇದ್ದರೆ ಮರ ಬಿದ್ದಲ್ಲಿಗೇ ಹೋಗಿ ಕೊಯ್ದು ಕೊಡಬಹುದು, ಯಾರ ಬಾಗಿಲೂ ಕಾಯಬೇಕಿಲ್ಲ. ಇದನ್ನು ಹೇಳುವಾಗ ಮಾತ್ರ ಅವನು ನೆಟ್ಟಗೆ ಕೂರುತ್ತಿದ್ದ.

ಅವಳಿಗೆ ಅನುಮಾನ ಬರಲು ಕಾರಣವಿತ್ತು. ಹಿಂದೊಮ್ಮೆ ಅವನೊಬ್ಬನೇ ಹೋಗಿ ಹಳೆಯ ಹಲಗೆ ನಯ ಮಾಡುವ ಯಂತ್ರವೊಂದನ್ನು ಕೊಂಡು ತಂದಿದ್ದ. ಮೊದಲ ವಾರವೇ ಅದರ ಹೊಟ್ಟೆಯಿಂದ ಹೊಗೆ ಬಂತು. ಈಗ ಅದು ಮೆಟ್ಟಿಲ ಕೆಳಗಿದೆ. ಅವಳು ಅದರ ಮೇಲೆ ಇಸ್ತ್ರಿಯಾದ ಬಟ್ಟೆ ಮಡಿಸಿಡುತ್ತಾಳೆ. "ಇನ್ಮೇಲೆ ಏನು ತಗೊಂಡ್ರೂ ನಾನೂ ಬರ್ತೀನಿ," ಎಂದು ಅಂದೇ ಹೇಳಿದ್ದಳು.

ಅವಳ ತಮ್ಮನಿಂದ ಕೇಳಿ ತಂದಿದ್ದ ಪಿಕಪ್ ಗಾಡಿಯಲ್ಲಿ ಮೂವರೂ ಮುಂದೆಯೇ ಕೂತರು. ಗುಬ್ಬಿ ನಡುವೆ.

"ಟೋಪಿ ಹಾಕ್ಕೊಂಡಿರೋನು ಇನ್ನೊಬ್ರಿಗೆ ಹಾಕಲ್ಲ ಬಿಡು," ಎಂದ ಗಂಡ. "ಇರೋದೊಂದೇ ಟೋಪಿ, ಪಾಪ."

"ನಗು ನಗು. ಬರೋವಾಗ್ಲೂ ಹೀಗೇ ನಗ್ತೀಯಾ ನೋಡ್ತೀನಿ."

ಗುಬ್ಬಿ ಅಮ್ಮನ ತೋಳು ಜಗ್ಗಿದಳು. ಅವಳು ಬಗ್ಗಿದಳು. ಕಿವಿಯಲ್ಲಿ ಬಿಸಿಯುಸಿರು.

"ಅವ್ರಿಗೆ ಆ ಗರಗಸ ಯಾಕೆ ಬೇಡ್ವಂತೆ ಅಂತ ಕೇಳ್ತಿದ್ದಾಳೆ."

"ಕೇಳಿದ್ದು ಅವಳಾ, ನೀನಾ?"

"ಇಬ್ರೂ ಅಂದ್ಕೋ."

ಮನೆಯೊಳಗೆ ಗುಬ್ಬಿಯ ಬಾಯಿಗೆ ಬಿಡುವೇ ಇರಲಿಲ್ಲ. ಹೊಸಿಲು ದಾಟಿದರೆ ಮಾತ್ರ ಎಲ್ಲ ಪ್ರಶ್ನೆಗಳೂ ಅಮ್ಮನ ಕಿವಿಗೆ ಹೋಗುತ್ತಿದ್ದವು, ಅಮ್ಮನ ಬಾಯಿಂದ ಹೊರಗೆ ಬರುತ್ತಿದ್ದವು. ಇವತ್ತು ಅಪ್ಪನೆದುರೂ ಹಾಗೇ. ಹೊಸ ಜಾಗಕ್ಕೆ ಹೊರಟಿದ್ದಕ್ಕೆ ಇರಬೇಕು. ಶಾಲೆಯಲ್ಲಿ ಟೀಚರು ಇದನ್ನೊಂದು ದೂರೆಂಬಂತೆ ಹೇಳಿದ್ದರು. ದೊಡ್ಡವಳಾದರೆ ಸರಿಹೋಗುತ್ತಾಳೆ ಎಂದುಕೊಂಡು ಅಮ್ಮ ಕಿವಿ ಕೊಡುತ್ತಲೇ ಬಂದಿದ್ದಳು.

ರಸ್ತೆ ಕಿರಿದಾಗುತ್ತ ಹೋಗಿ ಒಂದೇ ಒಂದು ಮನೆಯೆದುರು ಮುಗಿಯಿತು. ಹಿಂದೆ ತಗಡಿನ ಶೆಡ್ಡು, ಸುತ್ತ ಬಯಲು. ಟೋಪಿಯವನು ಆಗಲೇ ಹೊರಗೆ ನಿಂತಿದ್ದ. ವಿಡಿಯೋದಲ್ಲಿ ಕಂಡದ್ದಕ್ಕಿಂತ ಚಿಕ್ಕ ವಯಸ್ಸಿನವನು, ಆದರೆ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. "ಬನ್ನಿ, ಬನ್ನಿ," ಎಂದ, ಪಿಸುಮಾತಿನಂಥ ದನಿಯಲ್ಲಿ. ಮನೆಯ ಕಡೆಗೆ ಕರೆಯಲಿಲ್ಲ. ನೇರ ಶೆಡ್ಡಿಗೆ ನಡೆದ.

"ಮನೇಲಿ ಯಾರ್‍ಯಾರಿದ್ದೀರಾ?" ಎಂದು ಅವಳು ಕೇಳಿದಳು.

"ನಾನೊಬ್ನೇ."

ಅಂಗಳದ ತಂತಿಯ ತುಂಬ ಹಾಸಿಗೆಯ ಬಟ್ಟೆ ಒಣಗುತ್ತಿತ್ತು. ಒಬ್ಬನೇ ಇರುವವನು ಒಂದೇ ಬೆಳಿಗ್ಗೆ ಇಷ್ಟು ಹೊದಿಕೆ ಯಾಕೆ ಒಗೆಯುತ್ತಾನೆ? ಎಲ್ಲವೂ ಚೆನ್ನಾಗಿ ಹಿಂಡಿದ್ದವು, ಸುಕ್ಕು ಕೊಡವಿ ಹರಡಿದ್ದವು.

ಯಂತ್ರ ಹೊದಿಸಿದ ಟಾರ್ಪಾಲಿನ ಕೆಳಗಿತ್ತು. ಟಾರ್ಪಾಲು ಸರಿದಾಗ ಗಂಡನ ಬಾಯಿಂದ ಒಂದು ಸಣ್ಣ ಶಬ್ದ ಬಂತು. ಅವಳಿಗೆ ಅದೇ ಭಯ. ಕೊಳ್ಳುವವನು ಹೀಗೆ ಶಬ್ದ ಮಾಡಬಾರದು. ಹಳಿಗಳಿಗೆ ಎಣ್ಣೆ ಸವರಿತ್ತು, ಒಂದು ಚುಕ್ಕೆ ತುಕ್ಕಿರಲಿಲ್ಲ. ಬಿಡಿ ಗರಗಸಪಟ್ಟಿಗಳನ್ನು ಮಡಿಸಿ, ಹಲ್ಲಿಗೆ ಪೆಟ್ಟಾಗದಂತೆ ಹಳೆಯ ಬಟ್ಟೆ ಸುತ್ತಿ ಮೊಳೆಗೆ ನೇತುಹಾಕಿತ್ತು. ಇಷ್ಟು ಜೋಪಾನ ಮಾಡುವವನು ಇದನ್ನು ಮಾರುವುದೆಂದರೇನು? ಜೋಪಾನ ಕಂಡಷ್ಟೂ ಅವಳ ಅನುಮಾನ ಬಲಿಯಿತು.

ಗಂಡ ಯಂತ್ರದ ಹಿಂದೆ ನಿಂತು ದೂಡುವ ಹಿಡಿಗೆ ಕೈ ಚಾಚಿದ. ಬಲಗೈ ಗಾಳಿಯಲ್ಲಿ ಒಂದು ಕ್ಷಣ ಹುಡುಕಾಡಿತು.

"ಹಿಡಿ ಎಡಗಡೆ ಇದೆಯಲ್ಲ?"

"ಕಂಪನಿಯಿಂದ್ಲೇ ಹಾಗೆ ಬಂದಿದ್ದು."

ಗಂಡ ಹಿಡಿಯ ಬುಡದ ಮೇಲೆ ಹೆಬ್ಬೆರಳು ಓಡಿಸಿದ. ಅಲ್ಲಿದ್ದ ಬೆಸುಗೆ ಕೈಯಿಂದ ಹಾಕಿದ್ದು. ನಯವಾಗಿ ಅರ ಹಾಕಿ, ಬಣ್ಣ ಬಳಿದಿದ್ದರೂ ಅವಳ ಕಣ್ಣಿಗೇ ಗೊತ್ತಾಗುವಂತಿತ್ತು. ಗಂಡ ಅವಳ ಮುಖ ನೋಡಿದ. ಅವಳು ಹುಬ್ಬೇರಿಸಿದಳು.

"ಸ್ಟಾರ್ಟ್ ಮಾಡಿ ತೋರ್ಸಿ," ಎಂದಳು.

"ಅದೇನಕ್ಕೆ ಅಕ್ಕಾ, ಚೆನ್ನಾಗಿ ಓಡುತ್ತೆ. ಗಾಡಿಗೆ ಕಟ್ಕೊಳ್ಳಿ. ಆ ತಿರುವಿನ ಹತ್ರ ಹೋಗಿ ಸ್ಟಾರ್ಟ್ ಮಾಡಿ ತೋರಿಸ್ತೀನಿ."

"ಇಲ್ಲೇ ಯಾಕಾಗಲ್ಲ?"

"ಅಕ್ಕಪಕ್ಕದೋರು ಬೈತಾರೆ."

ಅವಳು ಸುತ್ತ ನೋಡಿದಳು. ಬಯಲಿನಾಚೆ ಒಂದು ಹಸು ಮೇಯುತ್ತಿತ್ತು. "ಅದೊಂದೇ ಕಣಪ್ಪ ಕಾಣ್ತಿರೋದು. ಅದು ಬೈಯುತ್ತಾ?"

ಗಂಡನಿಗೆ ನಗು ತಡೆಯಲಾಗಲಿಲ್ಲ. ಟೋಪಿಯವನು ನಗಲಿಲ್ಲ. ಮನೆಯ ಕಡೆ ಒಮ್ಮೆ ನೋಡಿದ, ತುಟಿ ಒರೆಸಿಕೊಂಡ.

"ನೋಡಿ, ಇಷ್ಟವಿದ್ರೆ ತಗೊಳ್ಳಿ. ಇಲ್ದಿದ್ರೆ ಮಧ್ಯಾಹ್ನ ಬರೋರು ತಗೋತಾರೆ."

"ಹಾಗಾದ್ರೆ ಅವ್ರಿಗೇ ಕೊಡಿ," ಎಂದಳು ಅವಳು. "ನಡಿ ಗುಬ್ಬಿ."

ಗಂಡ ಕದಲಲಿಲ್ಲ. ಅವನ ಕೈ ಇನ್ನೂ ಹಳಿಯ ಮೇಲಿತ್ತು. "ಒಂದ್ಸಲ ಸ್ಟಾರ್ಟ್ ಮಾಡಪ್ಪ," ಎಂದ ಟೋಪಿಯವನಿಗೆ, ಬೇಡುವವನಂತೆ. "ಅವಳ ಸಮಾಧಾನಕ್ಕೆ."

ಟೋಪಿಯವನು ಎಂಜಿನ್ನಿನ ಹಗ್ಗ ಎಳೆದ. ಏನೂ ಆಗಲಿಲ್ಲ. ಮತ್ತೆ ಎಳೆದ, ಮತ್ತೆ. ಬೆವರಿದ. ಅವಳು ಕೈಕಟ್ಟಿ ನಿಂತಳು. ಸತ್ತ ಎಂಜಿನ್ನು, ಅದಕ್ಕೇ ಈ ನಾಟಕ. ಅಷ್ಟರಲ್ಲಿ ಗಂಡ ಬಗ್ಗಿ ನೋಡಿ, "ಪೆಟ್ರೋಲಿನ ನಲ್ಲಿ ತೆರೆದೇ ಇಲ್ವಲ್ಲೋ," ಎಂದು ಅದನ್ನು ತಿರುಗಿಸಿದ. ಮುಂದಿನ ಎಳೆತಕ್ಕೇ ಎಂಜಿನ್ನು ಹತ್ತಿಕೊಂಡಿತು. ಕೆಮ್ಮಲಿಲ್ಲ, ಹೊಗೆಯುಗುಳಲಿಲ್ಲ. ಒಂದೇ ದನಿಯಲ್ಲಿ, ಉಂಡು ಮಲಗಿದ ಮಗುವಿನ ಉಸಿರಿನಷ್ಟು ಸಮನಾಗಿ ಓಡಿತು. ಗಂಡನ ಮುಖ ಅರಳಿದ್ದನ್ನು ಅವಳು ಕಂಡಳು. ಟೋಪಿಯವನು ತಕ್ಷಣ ಆರಿಸಿಬಿಟ್ಟ.

ಆ ನಿಶ್ಶಬ್ದದಲ್ಲಿ ಮನೆಯ ಆಚೆ ಬದಿಯಿಂದ ಟಕ್, ಟಕ್ ಎಂದು ಏನೋ ಬಡಿಯಿತು.

"ಕಿಟಕಿ," ಎಂದ ಟೋಪಿಯವನು. "ಗಾಳಿಗೆ."

ಎಲೆಯೂ ಅಲ್ಲಾಡದ ಬೆಳಿಗ್ಗೆ ಅದು. ಎಂಜಿನ್ನು ಇಷ್ಟು ಚೆನ್ನಾಗಿದ್ದೂ ಸ್ಟಾರ್ಟ್ ಮಾಡಲು ಹೆದರುವುದೇಕೆ? ವರ್ಷಗಟ್ಟಲೆ ಓಡಿಸಿದವನಿಗೆ ಪೆಟ್ರೋಲಿನ ನಲ್ಲಿ ಮರೆಯುತ್ತದೆಯೇ? ಕದ್ದ ಮಾಲೇ ಇದು? ಗುಬ್ಬಿ ಅಷ್ಟರಲ್ಲಿ ಹಳಿ ಮುಟ್ಟಿ ಎರಡೂ ಅಂಗೈ ಎಣ್ಣೆ ಮಾಡಿಕೊಂಡಿದ್ದಳು.

"ಕೈ ತೊಳಿಸ್ಬೇಕು. ನೀರು?"

"ಇಲ್ಲಿ ಬಕೆಟ್ಟಲ್ಲಿ..." ಎಂದು ಅವನು ಹೇಳುವ ಹೊತ್ತಿಗೆ ಅವಳು ಗುಬ್ಬಿಯೊಂದಿಗೆ ಬಡಿತ ಕೇಳಿದ ಕಡೆಗೆ ಹೊರಟಾಗಿತ್ತು.

ಮನೆಯ ಪಕ್ಕ ನಲ್ಲಿಯಿತ್ತು, ನಲ್ಲಿಯ ಮೇಲೊಂದು ಕಿಟಕಿ. ಕಿಟಕಿಯೊಳಗೆ ಮಂಚ, ಮಂಚದ ಮೇಲೆ ಒಬ್ಬ ಮನುಷ್ಯ. ಬಲಗೈಯಲ್ಲಿ ಊರುಗೋಲು ಹಿಡಿದು ಸರಳಿಗೆ ಬಡಿಯುತ್ತಿದ್ದವನು ಅವರನ್ನು ಕಂಡು ನಿಲ್ಲಿಸಿದ. ಟೋಪಿಯವನದೇ ಮೂಗು, ಅವನದೇ ಗದ್ದ, ಹತ್ತಾರು ವರ್ಷ ಹೆಚ್ಚು.

"ಕೊಯ್ಸೋಕೆ ಮರ ತಂದಿರೋರಾ?" ಮಾತು ಬಾಯಿಯ ಒಂದೇ ಬದಿಯಿಂದ ಬರುತ್ತಿತ್ತು.

"ಹೂಂ," ಎಂದುಬಿಟ್ಟಳು ಅವಳು. ಯಾಕೆ ಹಾಗೆಂದಳೋ.

"ಎಂಜಿನ್ ಶಬ್ದ ಕೇಳ್ತು. ತಮ್ಮನೇ ಸ್ಟಾರ್ಟ್ ಮಾಡಿದ್ನಾ? ಭೇಷ್. ಇಷ್ಟು ದಿನ ಹತ್ರ ಹೋಗೋಕೇ ಹೆದರ್ತಿದ್ದ, ಪುಕ್ಕಲ." ಅವನು ನಕ್ಕ, ಅರ್ಧ ಮುಖ ಮಾತ್ರ ನಕ್ಕಿತು. "ನೀರಿನ ಟ್ಯಾಂಕ್ ತುಂಬ್ಸಿದ್ದಾನಾ ನೋಡಿ. ಕೊಯ್ಯೋವಾಗ ಪಟ್ಟಿ ಮೇಲೆ ನೀರು ತೊಟ್ಟಿಕ್ಕದಿದ್ರೆ ಕಾದು ಸೊಟ್ಟ ಓಡುತ್ತೆ. ನಾನೇ ಬರ್ತಿದ್ದೆ, ಆದ್ರೆ ಈ ನನ್ಮಗಂದು ಇನ್ನೂ ಪೂರ್ತಿ ಎದ್ದಿಲ್ಲ."

ನನ್ಮಗ ಎಂದಿದ್ದು ಅವನ ಎಡಗೈಯನ್ನು. ಅದು ದಿಂಬಿನ ಮೇಲೆ ಬೇರೆಯವರದ್ದೆಂಬಂತೆ ಮಲಗಿತ್ತು. ಬೆರಳುಗಳ ನಡುವೆ ಸುರುಳಿ ಸುತ್ತಿದ ಟವೆಲ್ಲು.

"ನಾನು ಎಡಚ ನೋಡಿ. ಹಿಡೀನ ನಾನೇ ಕಿತ್ತು ಆ ಕಡೆ ಬೆಸುಗೆ ಹಾಕ್ಕೊಂಡಿದ್ದು. ಈಗ ಕೈಗೆ ಕಸರತ್ತು. ದಿನಾ ಒಂಚೂರು ಒಂಚೂರು ಬಿಗಿ ಬರ್ತಿದೆ. ಬಾ ಮರಿ, ಇದನ್ನ ಎಳಿ ನೋಡೋಣ. ಜೋರಾಗಿ ಎಳೀಬೇಕು, ಮೋಸ ಮಾಡಬಾರ್ದು."

ಗುಬ್ಬಿ ಅಮ್ಮನನ್ನು ನೋಡಲಿಲ್ಲ. ನಲ್ಲಿಯ ಕಟ್ಟೆ ಹತ್ತಿ, ಸರಳಿನ ನಡುವೆ ಒದ್ದೆ ಕೈ ತೂರಿಸಿ ಟವೆಲ್ಲಿನ ತುದಿ ಹಿಡಿದು ಎಳೆದಳು. ಟವೆಲ್ಲು ಬರಲಿಲ್ಲ. ತುಟಿ ಕಚ್ಚಿ ಮತ್ತೆ ಎಳೆದಳು. ಬರಲಿಲ್ಲ. ಮಗಳ ಮೊಣಕೈ ಎಷ್ಟು ಸಡಿಲವಾಗಿದೆ ಎಂಬುದು ಹಿಂದೆ ನಿಂತಿದ್ದ ಅಮ್ಮನಿಗೆ ಮಾತ್ರ ಕಾಣುತ್ತಿತ್ತು.

"ಕಂಡ್ರಾ!" ಎಂದ ಅವನು. ಅವನ ಹಣೆಯಲ್ಲಿ ಬೆವರು ಮೂಡಿತ್ತು. "ನಾನು ಎದ್ದು ಬರೋವರೆಗೆ ಅದನ್ನ ತುಕ್ಕು ಹಿಡಿಸ್ಬೇಡ ಅಂತ ತಮ್ಮಂಗೆ ಹೇಳಿದ್ದೀನಿ. ಒರೆಸ್ತಾನೆ, ಎಣ್ಣೆ ಹಾಕ್ತಾನೆ. ಒಳ್ಳೇ ಹುಡುಗ."

ಅವನ ಗಡ್ಡ ಅಂದೇ ಬೆಳಿಗ್ಗೆ ಯಾರೋ ಜಾಗರೂಕತೆಯಿಂದ ಬೋಳಿಸಿದಂತಿತ್ತು. ಹಾಸಿಗೆ ಶುಭ್ರವಾಗಿತ್ತು. ಕಿಟಕಿಯ ಅಂಚಿನುದ್ದಕ್ಕೂ ಮಾತ್ರೆಯ ಪಟ್ಟಿಗಳು, ಹೆಚ್ಚಿನವು ಖಾಲಿ.

ಹಿಂದಿರುಗುವಾಗ ಗುಬ್ಬಿ ಅಮ್ಮನ ತೋಳು ಜಗ್ಗಿದಳು. ಅವಳು ಬಗ್ಗಿದಳು.

"ಅವ್ರಿಗೆ ಗೊತ್ತೇ ಇಲ್ವಾ ಅಮ್ಮಾ?"

"ಅದು ದೊಡ್ಡೋರ ವಿಷಯ ಪುಟ್ಟಾ."

"ನೀನು ಕೇಳು."

"ಆಮೇಲೆ."

ಬೆಳಗಿನಿಂದ ಅವಳು ಹುಡುಕುತ್ತಿದ್ದ ಮೋಸ ಸಿಕ್ಕಿತ್ತು. ಆದರೆ ಅದು ತಮಗೆ ಆಗುತ್ತಿದ್ದ ಮೋಸವಲ್ಲ, ಕಿಟಕಿಯೊಳಗಿನವನಿಗೆ ಆಗುತ್ತಿದ್ದುದು. ಎಂಜಿನ್ನು ಚೆನ್ನಾಗಿತ್ತು, ಹಳಿ ಚೆನ್ನಾಗಿತ್ತು. ಆ ಕೈ ಇನ್ನು ಏನನ್ನಾದರೂ ಹಿಡಿದೀತೇ? ಯಂತ್ರ ಶೆಡ್ಡಿನಲ್ಲಿ ಸುಮ್ಮನೆ ನಿಂತು ಯಾರಿಗೆ ಪ್ರಯೋಜನ? ಅಣ್ಣನ ಔಷಧಿಗೇ ಮಾರುತ್ತಿರಬಹುದು. ನಾವು ಕೊಳ್ಳದಿದ್ದರೆ ಮಧ್ಯಾಹ್ನದವರು ಕೊಳ್ಳುತ್ತಾರೆ. ಒಂದರ ಹಿಂದೊಂದು ಮಾತು ತಾವಾಗಿಯೇ ಬಂದು ಅವಳ ಪರವಾಗಿ ನಿಂತವು. ಆ ಮಧ್ಯಾಹ್ನದವರ ಬಗ್ಗೆ, ಮಾರೋರೆಲ್ಲ ಹಾಗೇ ಹೇಳೋದು ಎಂದು ಬೆಳಿಗ್ಗೆ ತಾನೇ ಅಂದಿದ್ದು ಆಗ ಅವಳಿಗೆ ನೆನಪಾಗಲಿಲ್ಲ.

ಗಾಡಿಯನ್ನು ಹಿಂದಕ್ಕೆ ತಂದು ಯಂತ್ರದ ಮೂತಿಗೆ ಹೊಂದಿಸಿಯಾಗಿತ್ತು. ಟೋಪಿಯವನು ಅವಳ ಮುಖವನ್ನೇ ನೋಡಿದ. ಅವಳು ಎಲ್ಲಿಗೆ ಹೋಗಿದ್ದಳು, ಏನನ್ನು ನೋಡಿದಳು ಎಂಬುದು ಅವನಿಗೆ ಗೊತ್ತಾಗಿತ್ತು. ಅವನ ಕಣ್ಣಲ್ಲಿ ಬೆದರಿಕೆ ಇರಲಿಲ್ಲ, ಬೇಡುವ ನೋಟವಿತ್ತು. ಅವಳು ಕಣ್ಣು ತಪ್ಪಿಸಿದಳು.

"ಏನು ಇನ್ಸ್‌ಪೆಕ್ಟರಮ್ಮ, ತನಿಖೆ ಮುಗೀತಾ?" ಗಂಡನ ದನಿಯಲ್ಲಿ ಎಷ್ಟೋ ದಿನಗಳಿಂದ ಕೇಳದಿದ್ದ ಉತ್ಸಾಹವಿತ್ತು. ಅಂಗಿಯ ತೋಳು ಮಡಚಿದ್ದ, ನೆಟ್ಟಗೆ ನಿಂತಿದ್ದ. "ಇನ್ನೇನಾದ್ರೂ ಅನುಮಾನ ಇದ್ರೆ ಈಗಲೇ ಹೇಳಿಬಿಡು ಮಾರಾಯ್ತಿ."

ಗುಬ್ಬಿ ಮತ್ತೆ ತೋಳು ಜಗ್ಗಿದಳು. ಅವಳು ಬಗ್ಗಲಿಲ್ಲ.

"ಏನಿಲ್ಲ," ಎಂದಳು. "ಎಂಜಿನ್ ಚೆನ್ನಾಗಿದೆ."

ತೋಳನ್ನು ಹಿಡಿದಿದ್ದ ಚಿಕ್ಕ ಕೈ ಸಡಿಲಾಯಿತು. ಗಂಡ ಒಳಜೇಬಿಗೆ ಕೈ ಹಾಕಿದ. ಟೋಪಿಯವನು ಸರಪಳಿ ಬಿಗಿಯಲು ಮಂಡಿಯೂರಿ ಕೂತ. ಗುಬ್ಬಿ ಅಮ್ಮನನ್ನು ಬಿಟ್ಟು ನಡೆದು ಹೋಗಿ ಅವನೆದುರು ನಿಂತಳು. ಮೊದಲು ಬಾಯಿಂದ ಬರೀ ಗಾಳಿ ಬಂತು. ಆಮೇಲೆ ಬಂದ ದನಿ ಮನೆಯಲ್ಲಿ ಅಡುಗೆಮನೆಯಿಂದ ಅಪ್ಪನನ್ನು ಕೂಗುವಾಗಿನದ್ದು, ಗೋಡೆಯಾಚೆಯ ಕಿಟಕಿಯವರೆಗೂ ಹೋಗುವಂಥದ್ದು.

"ಮಾಮಾ, ಇದನ್ನ ಮಾರ್ತಿರೋದು ನಿಮ್ಮಣ್ಣಂಗೆ ಗೊತ್ತಾ?"