ಹಗೇವಿನ ಹಗ್ಗ

ಆ ವರ್ಷ ಆಷಾಢದ ಹೊತ್ತಿಗೆ ಚಿಕ್ಕಮುನಿಯಮ್ಮನ ಮನೆಯ ಮಡಕೆಗಳು ಬರಿದಾದವು. ರೇಷನ್ ಅಂಗಡಿಯಲ್ಲಿ ಕೊಡುತ್ತಿದ್ದ ಮುಗ್ಗಲು ಜೋಳ ವಾರದ ಅರ್ಧಕ್ಕೆ ಮುಗಿಯುತ್ತಿತ್ತು. ಉಳಿದದ್ದು ಹಿತ್ತಲಿನ ನೆಲದಡಿಯ ಕಣಜ, ಹಗೇವು ಮಾತ್ರ. ಅದರೊಳಗಿನ ರಾಗಿ ಕೆಡದೆ ಇದ್ದರೆ ಅತ್ತೆ ಸೊಸೆ ಇಬ್ಬರೂ ಸುಗ್ಗಿಯವರೆಗೆ ಉಣ್ಣಬಹುದು. ಕೆಟ್ಟಿದ್ದರೆ ಮುಂದೇನೆಂದು ಇಬ್ಬರಿಗೂ ತಿಳಿಯದು.

ಮನೆ ಮರ್ಫಿ ಟೌನಿನ ಕೊನೆಯ ಸಾಲಿನಲ್ಲಿತ್ತು. ಅದರ ಬೆನ್ನಿಗೆ ಬಿನ್ನಮಂಗಲದ ಹೊಲಗಳು. ಜಪಾನಿನವರ ಕೈಗೆ ರಂಗೂನು ಬಿದ್ದ ವರ್ಷ, ಬೆಂಗಳೂರಿನ ಮೇಲೂ ಬಾಂಬು ಬೀಳುತ್ತದೆಂದು ಎಲ್ಲರೂ ಹೆದರಿದ್ದಾಗ, ಸೊಸೆ ಅಣ್ಣಮ್ಮನ ಗಂಡ ಸಂಜೀವಪ್ಪ ಹಿತ್ತಲಿನಲ್ಲಿ ಅಡಗಿ ಕೂರುವುದಕ್ಕೊಂದು ಕಾಲುವೆ ತೋಡಿದ್ದ. ಬಾಂಬು ಬೀಳಲಿಲ್ಲ. ಸಂಜೀವಪ್ಪ ದಂಡಿನ ಲಾರಿ ಓಡಿಸಲು ಸೇರಿ ಬರ್ಮಾ ಗಡಿಗೆ ಹೋದ. ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲೆ ಅವನು ಸತ್ತ ಸುದ್ದಿ ಬಂತು.

ಸುದ್ದಿ ಬಂದ ಮೇಲೆ ಚಿಕ್ಕಮುನಿಯಮ್ಮ ಅತ್ತದ್ದು ಸ್ವಲ್ಪ ದಿನ. ಆಮೇಲೆ ಸೊಸೆಗೆ ಕೆಲಸ ಕಲಿಸತೊಡಗಿದಳು. ಬಿತ್ತನೆ ಬೀಜವನ್ನು ಬೂದಿಯಲ್ಲಿ ಕಲಸಿ ಇಡುವುದು, ಸೋಪಿಲ್ಲದೆ ಅಂಟುವಾಳದಲ್ಲಿ ಬಟ್ಟೆ ಒಗೆಯುವುದು, ಒಂದೇ ಕೆಂಡವನ್ನು ಬೆಳಗಿನವರೆಗೆ ಬೂದಿಯೊಳಗೆ ಕಾಯುವುದು. ಕೆ.ಆರ್. ಪುರದಾಚೆಯ ತನ್ನ ತವರಿನಲ್ಲಿ ಕಲಿತದ್ದನ್ನೆಲ್ಲ ಅವಳು ಒಂದೊಂದಾಗಿ ಹೊರತೆಗೆದಳು. ಅಣ್ಣಮ್ಮ ಎಲ್ಲವನ್ನೂ ಕಲಿತಳು. ತಪ್ಪಿಲ್ಲದೆ ಕಲಿತಳು. ಆದರೆ ಯಾವುದರಲ್ಲೂ ಅವಳಿರಲಿಲ್ಲ. ಒಮ್ಮೆ ರೊಟ್ಟಿ ಸುಡುವಾಗ ಅವಳ ಬೆರಳು ಕಾದ ಹಂಚಿನ ಮೇಲೇ ಇತ್ತು. ಚರ್ಮದ ವಾಸನೆ ಮೂಗಿಗೆ ಬಡಿದು ಅತ್ತೆಯೇ ಅವಳ ಕೈ ಎಳೆದಳು. ಅಣ್ಣಮ್ಮ ಬೊಬ್ಬೆಯನ್ನು ನೋಡಿದಳು, ಬೇರೆ ಯಾರದೋ ಬೆರಳು ಎಂಬಂತೆ.

ಸಂಕ್ರಾಂತಿಗೆ ಮುಂಚೆ ತವರಿನಿಂದ ರಾಗಿ ಬಂದಾಗ ಚಿಕ್ಕಮುನಿಯಮ್ಮ ಹಗೇವು ತೋಡಿಸಿದಳು. ಕತ್ತು ಕಿರಿದು, ಹೊಟ್ಟೆ ಅಗಲ, ಗುಡಾಣವನ್ನು ನೆಲದಲ್ಲಿ ಹೂತಂತೆ. ಮಂಡಿ ನೋವಿನ ಅವಳು ಮೇಲೆ ಕೂತು ಹೇಳಿದಳು, ಸೊಸೆ ಅಗೆದಳು. ಅಗೆತ ಕಡಿಮೆಯಾಗಲೆಂದು ಅಣ್ಣಮ್ಮ, ಗಂಡ ತೋಡಿದ್ದ ಕಾಲುವೆಯ ಪಕ್ಕದಲ್ಲೇ ಶುರು ಮಾಡಿದ್ದಳು.

"ಅಲ್ಲಿ ಬೇಡ. ಆ ಮಣ್ಣು ಸಡ್ಲ ಆಗಿದೆ, ನೀರು ಕುಡಿಯತ್ತೆ," ಎಂದಿದ್ದಳು ಅತ್ತೆ.

ಅಣ್ಣಮ್ಮ ಕೇಳಿಸಿಕೊಂಡು ಅಲ್ಲೇ ಅಗೆದಳು. ಅದು ಮಗ ಅಗೆದ ಜಾಗವೆಂದು ಅತ್ತೆಯೂ ಮತ್ತೆ ತಡೆಯಲಿಲ್ಲ.

ಈಗ ಮಣ್ಣು ಸರಿಸಿ ಚಪ್ಪಡಿ ಎತ್ತುವಾಗ ಪಕ್ಕದ ಗೋಡೆಯ ಮೇಲೆ ಜಟಕಾ ಹೊಡೆಯುವ ಕಲೀಮುಲ್ಲಾನ ತಲೆ ಕಾಣಿಸಿತು.

"ಏನಮ್ಮಾ, ತೆಗೀತಿದೀರಾ? ನಾನು ಬಾಂಬ್ ಬೀಳ್ಲಿ ಅಂತ ಕಾಯ್ತಿದ್ದೆ. ಬಿದ್ದಿದ್ರೆ ಮರ್ಫಿ ಟೌನ್‌ಗೆಲ್ಲ ಅರಳು ರಾಗಿ."

"ನಿನ್ ಪಾಲು ನಿನ್ ಮನೆ ಮೇಲೇ ಬೀಳ್ತಿತ್ತು ಬಿಡು. ಬಾಯಿ ತೆಕ್ಕೊಂಡು ಕೂತಿದ್ದಿದ್ರೆ ಸಾಕಿತ್ತು."

"ನಂಗಲ್ಲಮ್ಮಾ, ಕುದ್ರೆಗೆ ಕೇಳ್ದೆ," ಎಂದು ನಗುತ್ತ ಅವನು ಗಾಡಿ ಕಟ್ಟಲು ಹೋದ.

ಹಗೇವಿನ ಬಾಯಿ ತೆರೆದಾಗ ಬೆಚ್ಚನೆಯ ವಾಸನೆ ಬಂತು. ಮುಚ್ಚಿಟ್ಟ ಕಾಳು ಒಳಗೇ ಉಸಿರಾಡುತ್ತದೆ. ಇದ್ದ ಒಳ್ಳೆಯ ಗಾಳಿಯನ್ನು ತಾನು ತೆಗೆದುಕೊಂಡು ಕೆಟ್ಟದ್ದನ್ನು ಬಿಡುತ್ತದೆ. ಆ ಗಾಳಿ ಭಾರ, ತಾನಾಗಿ ಮೇಲೇಳುವುದಿಲ್ಲ. ಅದಕ್ಕೇ ಮೊದಲು ದೀಪ ಇಳಿಸಿ ನೋಡಬೇಕು. ಚಿಕ್ಕಮುನಿಯಮ್ಮ ಹಣತೆಯನ್ನು ದಾರದಲ್ಲಿ ಇಳಿಸಿದಳು. ಕತ್ತು ದಾಟುವ ಮೊದಲೇ ಅದು ಆರಿತು. ಗಾಳಿ ಬೀಸಿ ಆರಿದ ಹಾಗಲ್ಲ. ಸದ್ದಿಲ್ಲದೆ ಇಲ್ಲವಾಯಿತು.

"ನೋಡಿದ್ಯಾ? ಈಗ ಇಳಿದೋರು ಕೂಗೋಕೂ ಆಗಲ್ಲ. ಹೊಂಗೆ ಸೊಪ್ಪು ಕಟ್ಟಿ ಮೇಲೆ ಕೆಳಗೆ ಎಳೆದಾಡಿದ್ರೆ ಗಾಳಿ ಬದಲಾಗತ್ತೆ."

ಅವಳು ಹಗ್ಗವನ್ನು ಸೊಸೆಯ ಕಂಕುಳ ಕೆಳಗೆ ಸುತ್ತಿ ಬಿಗಿದು, ಇನ್ನೊಂದು ತುದಿಯನ್ನು ಸೀಬೆ ಮರಕ್ಕೆ ಕಟ್ಟಿದಳು.

"ಸೊಪ್ಪು ತರ್ತೀನಿ. ಬರೋವರ್ಗೂ ಕೂತಿರು."

ಅಣ್ಣಮ್ಮ ಹಗೇವಿನ ಬಾಯಲ್ಲಿ ಕಾಲು ಇಳಿಬಿಟ್ಟು ಕೂತಳು. ಬೀದಿಯಲ್ಲಿ ಜಟಕಾದ ಗೆಜ್ಜೆ ದೂರವಾಯಿತು. ಅವಳು ಕೆಳಗೆ ನೋಡಿದಳು. ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಆಗಲಿಲ್ಲ ಎಂಬುದನ್ನು ಅವಳು ಗಮನಿಸಿದಳು, ಅಷ್ಟೆ. ಗಂಡ ಹೇಗೆ ಸತ್ತನೆಂದು ಯಾರೂ ಹೇಳಿರಲಿಲ್ಲ. ದೀಪ ಆರಿದ ಹಾಗೆ ಇದ್ದರೆ ಅದೇನೂ ಕಷ್ಟವಲ್ಲ ಎನಿಸಿತು. ಇಳಿಯಬೇಕೆಂದು ಅವಳು ನಿಶ್ಚಯಿಸಲಿಲ್ಲ. ಇಳಿಯಲೆಂದು ಗೋಡೆಯಲ್ಲಿ ಕೊರೆದಿದ್ದ ಮೊದಲ ಗೂಡನ್ನು ಕಾಲು ಹುಡುಕಿತು, ಸಿಕ್ಕಿತು. ಎರಡನೆಯದೂ ಸಿಕ್ಕಿತು. ಎದೆಯ ಮಟ್ಟ ಇಳಿದಳು. ಮೂರನೆಯದಕ್ಕೆ ಕಾಲು ಚಾಚಿದಾಗ ಹಗ್ಗ ಬಿಗಿಯಿತು.

ಮತ್ತೆ ಚಾಚಿದಳು. ಹಗ್ಗ ಕಂಕುಳನ್ನು ಕೊಯ್ದಂತೆ ಹಿಡಿಯಿತು. ತಲೆ ಹಗೇವಿನ ಬಾಯಿಂದ ಹೊರಗೇ ಇತ್ತು. ಕಣ್ಣಿಗೆ ನೇರವಾಗಿ ಸೀಬೆ ಮರದ ಬುಡ, ಅದರ ಗಂಟು. ಮರದ ಸುತ್ತ ಹಗ್ಗ ಎಷ್ಟೋ ಸುತ್ತು ಸುಮ್ಮನೆ ಸುತ್ತಿಕೊಂಡಿತ್ತು. ಬಿಟ್ಟಿದ್ದರೆ ತಳ ಮುಟ್ಟುವಷ್ಟು ಇತ್ತು.

ಎಷ್ಟು ಹೊತ್ತು ಹಾಗೆ ನೇತಾಡಿದಳೋ, ಚಿಕ್ಕಮುನಿಯಮ್ಮ ಸೊಪ್ಪಿನ ಹೊರೆಯೊಂದಿಗೆ ಬಂದಳು. ಸೊಸೆಯ ತಲೆಯನ್ನು ನೋಡಿದಳು. ಸೊಪ್ಪು ಕೆಳಗಿಟ್ಟಳು.

"ಮೇಲೆ ಬಾ. ಸೊಪ್ಪು ಕಟ್ಬೇಕು."

ಅಣ್ಣಮ್ಮ ಮೇಲೆ ಬಂದಳು. ಇಬ್ಬರೂ ಸರದಿಯಲ್ಲಿ ಸೊಪ್ಪನ್ನು ಎಳೆದಾಡಿದರು. ದೀಪ ಮತ್ತೆ ಆರಿತು. ಇನ್ನಷ್ಟು ಎಳೆದಾಡಿದರು. ಕೊನೆಗೆ ಹಣತೆ ರಾಗಿಯ ಮೇಲೆ ಕೂತು ಉರಿಯಿತು. ಬಹಳ ಹೊತ್ತು ಉರಿಯಿತು. ಆಗ ಅತ್ತೆ ಮರದ ಬಳಿ ಹೋಗಿ ಸುತ್ತು ಬಿಚ್ಚಿ ಹಗ್ಗ ಸಡಿಲಿಸಿದಳು.

ಅಣ್ಣಮ್ಮ ಇಳಿದಳು. ಒಳಗೆ ಕಾಲುವೆಯ ಕಡೆಯ ಗೋಡೆ ಒದ್ದೆಯಾಗಿತ್ತು. ಆ ಪಕ್ಕದ ರಾಗಿ ಕಪ್ಪಾಗಿ ಹೆಂಟೆಗಟ್ಟಿತ್ತು. ಅಣ್ಣಮ್ಮ ಅದನ್ನು ಕೈಯಿಂದ ಒಡೆದು ಬದಿಗೆ ಸರಿಸಿದಳು. ನಡುವಿನದು ಒಣಗಿಯೇ ಇತ್ತು. ಹಿಡಿದರೆ ಬೆರಳ ಸಂದಿನಲ್ಲಿ ಸುರಿಯುತ್ತಿತ್ತು. ಬುಟ್ಟಿ ತುಂಬಿ ಕೊಟ್ಟಳು, ಅತ್ತೆ ಎಳೆದಳು.

"ಎಷ್ಟು ಹೋಗಿದೆ?"

"ಒಂದ್ ಪಕ್ಕ. ಸುಗ್ಗಿವರ್ಗೂ ಬರತ್ತೆ. ಸ್ವಲ್ಪ ಕಡ್ಮೆ ಉಂಡ್ರೆ."

ಸಂಜೆ ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅಣ್ಣಮ್ಮ ಹಗ್ಗ ಸುತ್ತುತ್ತ ಬಾಗಿಲಲ್ಲಿ ಕೂತಿದ್ದಳು.

"ಹಗ್ಗ ಯಾಕೆ ಅಷ್ಟು ಗಿಡ್ಡ ಕಟ್ಟಿದ್ರಿ ಅತ್ತೆ?"

"ನಮ್ಮೂರಲ್ಲಿ ದೀಪ ಉರಿಯೋವರ್ಗೂ ಹಗ್ಗ ಬಿಡಲ್ಲ."

"ಎಲ್ರಿಗೂ ಹಂಗೇನಾ?"

"ಎಲ್ರಿಗೂ."

ಚಿಕ್ಕಮುನಿಯಮ್ಮ ಎಸರಿಗೆ ಹಿಟ್ಟು ಸುರಿದಳು. ಹಿಟ್ಟಿನ ಕೋಲು ಹುಡುಕಿ ತಂದು ಸೊಸೆಯ ಕಡೆ ಚಾಚಿದಳು.

"ನಿಂಗೆ ಇನ್ನೊಂದು ಮೊಳ ಕಡ್ಮೆ ಬಿಟ್ಟಿದ್ದೆ," ಎಂದಳು. "ತಗೋ, ತಿರುವು. ಗಂಟಾಗತ್ತೆ."

ಅಣ್ಣಮ್ಮ ಹಗ್ಗ ಕೆಳಗಿಟ್ಟು ಕೋಲು ತೆಗೆದುಕೊಂಡಳು. ಮಡಕೆಯನ್ನು ಒಲೆಯಿಂದ ಇಳಿಸಿ, ಬಟ್ಟೆ ಸುತ್ತಿ, ಪಾದಗಳಿಂದ ಅಲುಗದಂತೆ ಒತ್ತಿ ಹಿಡಿದು ತಿರುವಿದಳು.