ತಕರಾರಿಲ್ಲ

"ಪಕ್ಕದ ಖಾಲಿ ಅಂಗಡಿಗೆ ಅರ್ಜಿ ಬಂದಿದೆ. ಹೇರ್ ಸಲೂನ್ ಇಡ್ತಾರಂತೆ, ಸೌತ್ ಸುಡಾನಿನ ಹೆಂಗಸು. ನಿಮ್ಮದೇನಾದ್ರೂ ತಕರಾರು ಇದೆಯಾ?"

ಬಾಡಿಗೆ ಏಜೆಂಟನ ಫೋನು ಬಂದಾಗ ಅಡಿವೆಪ್ಪ ಕ್ರಾನ್‌ಬರ್ನ್ ಬಡಾವಣೆಯ ತನ್ನ ದಿನಸಿ ಅಂಗಡಿಯಲ್ಲಿ ಬೇಳೆಯ ಚೀಲಗಳನ್ನು ಒಟ್ಟುತ್ತಿದ್ದ. ಹೆಸರು ಕೇಳುವ ಮೊದಲೇ ಅವಳು ಯಾರೆಂದು ತಿಳಿಯಿತು. ನ್ಯಾಂಡೆಂಗ್. ಹನ್ನೊಂದು ವರ್ಷದಿಂದ ಮನೆಯ ಗ್ಯಾರೇಜಿನಲ್ಲೇ ತನ್ನವರಿಗೆಲ್ಲ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದವಳು. ಕೊಬ್ಬರಿ ಎಣ್ಣೆಗೆ ಪ್ರತಿ ವಾರ ಇವನಲ್ಲಿಗೇ ಬರುತ್ತಿದ್ದಳು.

"ನನ್ನದೇನೂ ತಕರಾರಿಲ್ಲ," ಎಂದ.

"ಆದ್ರೂ ಆಗೋದು ಡೌಟು. ಜಾಮೀನು ನಿಲ್ಲೋಕೆ ಅವಳ ಕಡೆ ಸ್ವಂತ ಮನೆ ಇರೋರು ಒಬ್ಬರೂ ಇಲ್ಲ. ಈಗಾಗಲೇ ನಾಲ್ಕು ಕಡೆ ಇಲ್ಲ ಅನ್ನಿಸಿಕೊಂಡಿದ್ದಾಳೆ."

ಮಧ್ಯಾಹ್ನ ಊಟ ತಂದ ಹೆಂಡತಿ ಚಂದ್ರಪ್ರಭಾಳಿಗೆ ಇದನ್ನೆಲ್ಲ ಹೇಳುವಾಗ ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.

"ತಕರಾರಿಲ್ಲ ಅನ್ನಾಕ ನಿಮಗೇನು ಖರ್ಚು ಬಂತು?" ಎಂದಳು ಅವಳು, ರೊಟ್ಟಿ ಬಡಿಸುತ್ತ. "ನಾವು ಅಂಗಡಿ ಹಿಡಿದಾಗ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ಶಿವಬಸಪ್ಪ ಕಾಕಾ ಅಲ್ಲಿಂದ ಜಾಮೀನಿಗೆ ಸಹಿ ಮಾಡಿ ಕಳಿಸಿದ್ರು. ನಮ್ಮ ಮುಖಾನೂ ನೋಡಿರಲಿಲ್ಲ. ಗದಗಿನವರು ಅಂತ ಗೊತ್ತಾದದ್ದಷ್ಟ. ಅಕಿಗೆ ಅಂಥಾ ಕಾಕಾ ಯಾರದಾರ?"

"ನಾಳೆ ಅಕಿ ಅಂಗಡಿ ನಡೀಲಿಲ್ಲಂದ್ರ ನಮ್ಮ ಮನಿಗೆ ಬರತೈತಿ."

"ನಮ್ಮದು ನಡೀದಿದ್ರ ಕಾಕಾರ ಮನಿಗೆ ಬರತಿತ್ತು."

ಅಡಿವೆಪ್ಪನಿಗೆ ಸಿಟ್ಟು ಬಂತು. ಮನೆಯ ಮಾರ್ಟ್‌ಗೇಜ್ ಸಾಲ ತೀರಲು ಇನ್ನೂ ಹದಿನೆಂಟು ವರ್ಷವಿತ್ತು. ಬೇಗ ಬೇಗ ಉಂಡು ಎದ್ದ.

ಶುಕ್ರವಾರ ನ್ಯಾಂಡೆಂಗ್ ಎಣ್ಣೆಗೆ ಬಂದಳು. ಅಂಗಡಿಯ ವಿಷಯ ಏನಾಯಿತೆಂದು ಅವನೇ ಬಾಯಿಬಿಟ್ಟು ಕೇಳಿದ.

"ಇಲ್ಲೂ ಆಗಲ್ಲ ಅನ್ಸತ್ತೆ, ಅಡಿ. ಪರವಾಗಿಲ್ಲ, ಅಭ್ಯಾಸ ಆಗಿದೆ." ನಕ್ಕು ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡಳು. ಹೊರಗೆ ಹೋದವಳು ಪಕ್ಕದ ಅಂಗಡಿಯ ಗಾಜಿಗೆ ಹಣೆ ಒತ್ತಿ, ಒಳಗಿನ ಖಾಲಿ ನೆಲವನ್ನು ನೋಡುತ್ತ ಸುಮಾರು ಹೊತ್ತು ನಿಂತಳು. ಅವಳ ಕಾರು ಹೋದ ಮೇಲೆ ಅಡಿವೆಪ್ಪ ಏಜೆಂಟನಿಗೆ ಫೋನು ಮಾಡಿದ.

ಅಡಿವೆಪ್ಪನಿಗೆ ಐದು ವರ್ಷದ ಲೀಸ್ ಕೊಟ್ಟಿದ್ದ ಮಾಲೀಕ ಅವಳಿಗೆ ಒಂದೇ ವರ್ಷದ್ದು ಕೊಟ್ಟ. ಅಡಿವೆಪ್ಪನ ಸಹಿಯಿದ್ದ ಜಾಮೀನಿನ ಕಾಗದವನ್ನು ನ್ಯಾಂಡೆಂಗ್ ಎರಡು ಸಲ ಓದಿದಳು. ಥ್ಯಾಂಕ್ಸ್ ಹೇಳಲಿಲ್ಲ.

"ಯಾಕೆ?" ಎಂದಳು.

"ಪಕ್ಕದ ಅಂಗಡಿ ಖಾಲಿ ಇದ್ದರೆ ನನ್ನ ವ್ಯಾಪಾರಕ್ಕೂ ಹೊಡೆತ," ಎಂದುಬಿಟ್ಟ. ಅವಳು ನಂಬಲಿಲ್ಲ. ಪೆನ್ನು ಕೇಳಿ ಇಸಿದುಕೊಂಡಳು.

ಸಲೂನು ತೆರೆದ ಬೆಳಿಗ್ಗೆ ಅಲ್ಲಿ ಒಂದು ಕನ್ನಡಿ, ಒಂದೇ ಕುರ್ಚಿ. ಹತ್ತು ಗಂಟೆಯಾದರೂ ಯಾರೂ ಬರಲಿಲ್ಲ. ಚಂದ್ರಪ್ರಭಾ ಗಲ್ಲಾ ಬಿಟ್ಟು ಎದ್ದು, ಕೈ ಒರೆಸಿಕೊಂಡು, ಪಕ್ಕದ ಸಲೂನಿಗೆ ಹೊರಟಳು. ಸ್ವಲ್ಪ ಹೊತ್ತಿಗೆ ಅಡಿವೆಪ್ಪ ಬಾಗಿಲಾಚೆ ಬಂದು ಇಣುಕಿದ. ಬಿಚ್ಚಿದ ಕೂದಲು ಕುರ್ಚಿಯ ಬೆನ್ನ ಮೇಲೆ ಇಳಿಬಿದ್ದಿತ್ತು. ನ್ಯಾಂಡೆಂಗ್ ಅದರೊಳಗೆ ನಿಧಾನವಾಗಿ ಬೈತಲೆ ತೆಗೆಯುತ್ತಿದ್ದಳು. ಚಂದ್ರಪ್ರಭಾ ಕಣ್ಣು ಮುಚ್ಚಿದ್ದಳು.